ದನಿ ಗೊತ್ತು, ಹೆಸರು ಗೊತ್ತೇ?



ಸಿನಿಮಾಗಳಿಗೆ ಡಬ್ಬಿಂಗ್ ಮಾಡುವವರಿಗೆ ನಮ್ಮ ಕನ್ನಡದಲ್ಲಿ ಒಂದು ಚೆಂದದ ಹೆಸರಿದೆ: ಕಂಠದಾನ ಕಲಾವಿದರು. ನೇತ್ರದಾನ, ರಕ್ತದಾನ ಇದ್ದ ಹಾಗೆ ಕಂಠದಾನ. ಪದ ಕಟ್ಟಿದವರು ಯಾರೋ, ಕೇಳಲು ಇಂಪಾಗಿದೆ. ಆದರೆ ದಾನ ಎಂದ ಮೇಲೆ ಕೊಟ್ಟವರು ಮತ್ತೆ ಕೇಳುವ ಹಾಗಿಲ್ಲ, ಅಲ್ಲವೇ? ಆ ವೃತ್ತಿಯವರ ಕಷ್ಟ ಅರ್ಧ ಈ ಪದದಲ್ಲೇ ಅಡಗಿದೆ.

ಮುಂಬೈಯಲ್ಲಿರುವ ನೀವು 'ಕೆ.ಜಿ.ಎಫ್.' ಚಿತ್ರವನ್ನು ಪಕ್ಕದ ಮನೆಯವರ ಜೊತೆ ಕೂತು ಹಿಂದಿಯಲ್ಲೂ ನೋಡಿರಬಹುದು. ಅಲ್ಲಿ ರಾಕಿ ಭಾಯ್ ಆಡುವ ಮಾತು ಯಶ್ ಅವರ ದನಿಯಲ್ಲ, ಸಚಿನ್ ಗೋಲೆ ಎಂಬ ಕಲಾವಿದರದು. ಮೊದಲ ಭಾಗ ಬಂದದ್ದು 2018ರಲ್ಲಿ, ಎರಡನೆಯದು 2022ರಲ್ಲಿ. ಚಿತ್ರ ಅಷ್ಟು ದೊಡ್ಡದಾಗಿ ಗೆದ್ದದ್ದರಿಂದ ಪತ್ರಿಕೆಯವರು ಗೋಲೆಯವರನ್ನೂ ಹುಡುಕಿಕೊಂಡು ಹೋದರು. 'ಬಾಹುಬಲಿ'ಯ ಹಿಂದಿಯಲ್ಲಿ ಪ್ರಭಾಸ್‌ಗೆ ಶರದ್ ಕೇಳ್ಕರ್, 'ಪುಷ್ಪ'ದಲ್ಲಿ ಅಲ್ಲು ಅರ್ಜುನ್‌ಗೆ ಶ್ರೇಯಸ್ ತಳ್ಪದೆ ದನಿ ಕೊಟ್ಟದ್ದೂ ಸುದ್ದಿಯಾಯಿತು. ಆದರೆ ಅವರಿಬ್ಬರ ಮುಖ ಮೊದಲೇ ನಮಗೆ ಗೊತ್ತಿತ್ತು. ಅವೇ ಚಿತ್ರಗಳಲ್ಲಿ ತಾಯಿಗೆ, ಪೊಲೀಸಿನವನಿಗೆ, ಸಂತೆಯ ಗದ್ದಲಕ್ಕೆ ದನಿ ಕೊಟ್ಟವರು ಯಾರು?

ಈ ಕೆಲಸ ಎಷ್ಟು ನಾಜೂಕಿನದು ಎಂಬುದಕ್ಕೆ ಒಂದು ಸಣ್ಣ ಉದಾಹರಣೆ ಹೇಳುತ್ತೇನೆ. ಪ, ಬ, ಮ ಅಕ್ಷರಗಳನ್ನು ತುಟಿ ಕೂಡಿಸದೆ ಹೇಳಲು ಬರುವುದಿಲ್ಲ. ಪರದೆಯ ಮೇಲೆ ನಟನ ತುಟಿ ಕೂಡಿದಾಗ ಕಲಾವಿದನ ಬಾಯಲ್ಲೂ ಅಂಥದೇ ಅಕ್ಷರ ಬರಬೇಕು. ಹಿಂದಿಯಲ್ಲಿ 'ಹಮ್', 'ತುಮ್', 'ಕಾಮ್' ಎಂದು ಬಾಯಿ ಮುಚ್ಚಿಕೊಂಡೇ ಮಾತು ಮುಗಿಯುತ್ತದೆ. ಕನ್ನಡದಲ್ಲೋ 'ನಾವು', 'ನೀನು', 'ಕೆಲಸ'! ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ನಿಲ್ಲುತ್ತವೆ, ಬಾಯಿ ತೆರೆದೇ ಇರುತ್ತದೆ. ಹೀಗಾಗಿ ಸಂಭಾಷಣೆ ಬರೆಯುವವರು ಅರ್ಥವನ್ನೂ ಉಳಿಸಿಕೊಂಡು ತುಟಿಯನ್ನೂ ನೋಡಿಕೊಂಡು ಪದ ಹುಡುಕಬೇಕು. ಅದನ್ನು ಕತ್ತಲೆ ಕೋಣೆಯಲ್ಲಿ ಒಬ್ಬರೇ ನಿಂತು, ಎದುರು ಪಾತ್ರವಿಲ್ಲದೆ, ಕಿವಿಯಲ್ಲಿ ಮೂಲ ಭಾಷೆಯ ಮಾತು ಕೇಳಿಸಿಕೊಳ್ಳುತ್ತಾ ಕಲಾವಿದರು ಹೇಳಬೇಕು. ಮಾತಷ್ಟೇ ಸಾಲದು. ಓಡಿ ಬಂದ ಏದುಸಿರು, ಏಟು ಬಿದ್ದ ನರಳಾಟ, ನುಂಗಿಕೊಂಡ ಅಳು, ಇವೆಲ್ಲ ಬೇಕು. ಬಳೆ ಸದ್ದಾಗಬಾರದು, ಹೊಸ ಸೀರೆ ಸರಬರ ಅನ್ನಬಾರದು. ಹಸಿದ ಹೊಟ್ಟೆಯ ಗುರ್ ಶಬ್ದವೂ ಮೈಕಿಗೆ ಕೇಳುತ್ತದೆ. (ಇದು ನಮ್ಮಂಥ ಉದ್ಘೋಷಕರಿಗೂ ಚೆನ್ನಾಗಿ ಗೊತ್ತಿರುವ ವಿಷಯ!)

ಇಷ್ಟೆಲ್ಲ ಮಾಡಿಯೂ ಹೆಸರು ತಪ್ಪಿಹೋದದ್ದಕ್ಕೆ ಮಲಯಾಳದ 'ಮಣಿಚಿತ್ರತಾಳ್' ಸಾಕ್ಷಿ. 1993ರ ಈ ಚಿತ್ರವೇ ಮುಂದೆ 2004ರಲ್ಲಿ ನಮ್ಮ 'ಆಪ್ತಮಿತ್ರ'ವಾಯಿತು. ಮಲಯಾಳದಲ್ಲಿ ಶೋಭನಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು, ಸಲ್ಲಬೇಕಾದದ್ದೇ. ದನಿ ಭಾಗ್ಯಲಕ್ಷ್ಮಿಯವರದು ಎಂದು ಜನ ಕೊಂಡಾಡಿದರು. ಗಂಗಾಳ ದನಿ ಅವರದೇ ನಿಜ. ಆದರೆ ತಮಿಳಿನಲ್ಲಿ ಅಬ್ಬರಿಸುವ ನಾಗವಲ್ಲಿಯ ದನಿ ದುರ್ಗಾ ಎಂಬ ಇನ್ನೊಬ್ಬ ಕಲಾವಿದೆಯದು. ನಿರ್ದೇಶಕ ಫಾಜಿಲ್ ಅದನ್ನು ಬಹಿರಂಗವಾಗಿ ಬರೆದದ್ದು 2016ರಲ್ಲಿ. ಇಪ್ಪತ್ತಮೂರು ವರ್ಷ! ಅಷ್ಟು ದಿನ ಆ ಕೂಗನ್ನು ಲಕ್ಷಾಂತರ ಜನ ಅನುಕರಿಸಿದರು, ಆಕೆಯ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ನಮ್ಮ ಕರ್ನಾಟಕದ ಕಥೆಯೇ ಬೇರೆ. ಅರವತ್ತರ ದಶಕದಿಂದ ಡಬ್ಬಿಂಗ್ ಚಿತ್ರಗಳೇ ಬೇಡವೆಂಬ ಕಟ್ಟುಪಾಡು ಅಲ್ಲಿತ್ತು. ಕನ್ನಡದ ನಟರ, ತಂತ್ರಜ್ಞರ ಅನ್ನ ಉಳಿಯಲಿ ಎಂಬ ಅದರ ಉದ್ದೇಶವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ದನಿಯನ್ನೇ ನಂಬಿದ ಕಲಾವಿದರಿಗೆ ಒಂದು ದೊಡ್ಡ ಬಾಗಿಲು ಮುಚ್ಚಿದಂತಾಗಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟಿತು. 2020ರ ಲಾಕ್‌ಡೌನ್‌ನಲ್ಲಿ ಹಿಂದಿಯ 'ಮಹಾಭಾರತ' ಧಾರಾವಾಹಿ ಕನ್ನಡ ಮಾತಾಡಿದಾಗ ಮನೆಮನೆಯಲ್ಲೂ ನೋಡಿದರು. ಇತ್ತ ಜಾಹೀರಾತುಗಳ ಕನ್ನಡವಂತೂ ಎಷ್ಟೋ ಸಲ ನಮ್ಮ ಈ ಮುಂಬೈಯಲ್ಲೇ ದನಿಮುದ್ರಣವಾಗುತ್ತದೆ. ಅದರ ಭಾಷೆ ಕೇಳಿ ನೀವು ಹುಬ್ಬುಗಂಟಿಕ್ಕಿದರೆ ದನಿ ಕೊಟ್ಟವರನ್ನು ಬೈಯಬೇಡಿ. ಬರೆದುಕೊಟ್ಟದ್ದನ್ನು ಅವರು ಓದುತ್ತಾರೆ, ಅಷ್ಟೆ.

ಬೆಂಗಳೂರಿನ 'ನಮ್ಮ ಮೆಟ್ರೊ'ದಲ್ಲಿ ಓಡಾಡಿದವರಿಗೆ ಅಪರ್ಣಾ ಅವರ ದನಿ ನೆನಪಿರುತ್ತದೆ. ಆಕಾಶವಾಣಿ, ದೂರದರ್ಶನಗಳ ನಿರೂಪಣೆಯಿಂದ ಹೆಸರಾದ ಅವರು 2024ರ ಜುಲೈ 11ರಂದು ತೀರಿಕೊಂಡರು. ಮರುದಿನವೂ ರೈಲಿನಲ್ಲಿ ಮುಂದಿನ ನಿಲ್ದಾಣ ಯಾವುದೆಂದು ಹೇಳುತ್ತಿದ್ದವರು ಅವರೇ. ಜನ ಕಣ್ಣೊರೆಸಿಕೊಂಡರು, ಏಕೆಂದರೆ ಆ ದನಿಯ ಹೆಸರೂ ಮುಖವೂ ಗೊತ್ತಿತ್ತು.

ಈಗ ಧ್ವನಿಮುದ್ರಿಕೆ ಉಳಿಯುವುದಷ್ಟೇ ಅಲ್ಲ, ಅದರಿಂದ ಯಂತ್ರ ಹೊಸ ಮಾತನ್ನೇ ಆಡಿಸಬಲ್ಲದು. 2022ರಲ್ಲಿ ದೆಹಲಿ ಹೈಕೋರ್ಟ್ ಅಮಿತಾಭ್ ಬಚ್ಚನ್ ಅವರ ದನಿಗೆ, 2024ರಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ದನಿಗೆ ಮಧ್ಯಂತರ ರಕ್ಷಣೆ ಕೊಟ್ಟವು. ಒಳ್ಳೆಯದೇ ಆಯಿತು. ಆದರೆ ಅಲ್ಲಿ ನಿಂತವರು ಯಾರೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ದಿನಗೂಲಿಯ ಲೆಕ್ಕದಲ್ಲಿ ಹಣ ಪಡೆದು, ಮುಂದೆ ಹುಟ್ಟುವ ಮಾಧ್ಯಮಗಳಿಗೂ ಹಕ್ಕು ಬರೆದುಕೊಟ್ಟು ಬಂದ ಕಲಾವಿದೆ ನ್ಯಾಯಾಲಯಕ್ಕೆ ಹೋದರೆ, ಇದು ನನ್ನ ದನಿ ಎಂಬುದನ್ನೇ ಮೊದಲು ಸಾಧಿಸಬೇಕು. ಹೆಸರು ಎಲ್ಲಾದರೂ ಅಚ್ಚಾಗಿದ್ದರೆ ಅದೇ ಆಕೆಗೆ ಪುರಾವೆ. ಹಾಗಾಗಿ ಹೆಸರು ಹಾಕಿ ಎಂದು ಇವರು ಕೇಳುವುದು ಬರೀ ಕೀರ್ತಿಯ ಆಸೆಗಲ್ಲ.

ಈಚೆಗೆ ಕೆಲವು ಓಟಿಟಿ ವೇದಿಕೆಗಳು ಕಂತಿನ ಕೊನೆಯಲ್ಲಿ ಪ್ರತಿ ಭಾಷೆಯ ಡಬ್ಬಿಂಗ್ ಕಲಾವಿದರ ಪಟ್ಟಿ ಹಾಕುತ್ತಿವೆ. ಅದು ಬರುವ ಮೊದಲೇ ಮುಂದಿನ ಕಂತು ತಾನಾಗಿ ಶುರುವಾಗಿಬಿಡುತ್ತದೆ, ತಡೆದು ನೋಡಬೇಕು. ಈ ವಾರ ಹಾಗೆ ನೋಡಿದಾಗ ಒಂದು ಕನ್ನಡ ಹೆಸರು ಸಿಕ್ಕರೆ, ಯಾವ ಪಾತ್ರ ಎಂಬುದರ ಸಮೇತ ನಮಗೆ ಪತ್ರ ಬರೆಯಿರಿ. ಮುಂದಿನ ಕಾರ್ಯಕ್ರಮದಲ್ಲಿ ಓದುತ್ತೇನೆ.