ಹೆಸರು ಗೊತ್ತಾದರೆ ಅದು ಕಸವಲ್ಲ
(ರಾಷ್ಟ್ರೀಯ ವಿಜ್ಞಾನ ದಿನದ ನಿಮಿತ್ತ ಪಾಲಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)

 

ವಿಜ್ಞಾನ ದಿನದಂದು ಭಾಷೆ ಕಲಿಸುವ ಮಾಸ್ತರ ಮಾತಾಡಲು ಎದ್ದಿದ್ದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಿರಬಹುದು. ನಾನು ಬಿ.ಎಡ್. ಮಾಡಿದ್ದು ಭಾಷೆಗಳಲ್ಲಿ, ಕಲಿಸುವುದು ಉರ್ದು ಮತ್ತು ಕನ್ನಡ. ಆದರೆ ನನಗೆ ಚಿಕ್ಕಂದಿನಿಂದ ಒಂದು ಶೌಕ್ ಇದೆ. ಕೆಟ್ಟುಹೋದ ರೇಡಿಯೋ, ಟೇಪ್ ರೆಕಾರ್ಡರ್, ಆಟಿಕೆಗಳ ಬಿಡಿಭಾಗಗಳನ್ನು ಕೂಡಿಹಾಕಿ ಏನಾದರೊಂದು ಮಾಡುವುದು. ಇಂದು ಆ ಶೌಕಿನ ಬಗ್ಗೆ, ಮತ್ತು ಅದರಿಂದ ನಾನೇ ಕಲಿತ ಒಂದು ಪಾಠದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಈ ಶೌಕ್ ಹಚ್ಚಿದವರು ನನ್ನ ಮಾಮು. ರೇಡಿಯೋ ರಿಪೇರಿ ಅವರ ಕಸುಬು. ಒಂದು ಸಂಜೆ ಅವರು ಒಡೆದ ರೇಡಿಯೋದಿಂದ ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿ, ಒಂದು ಗ್ಯಾಂಗ್ ಕಂಡೆನ್ಸರ್, ಒಂದು ಜರ್ಮೇನಿಯಂ ಡಯೋಡ್ ತೆಗೆದು, ಒಂದು ಕ್ರಿಸ್ಟಲ್ ಇಯರ್‌ಫೋನ್ ಜೋಡಿಸಿದರು. ಉದ್ದನೆಯ ತಂತಿಯೊಂದನ್ನು ಮಾಳಿಗೆಯ ಮೇಲೆ ಎಳೆದರು, ಇನ್ನೊಂದನ್ನು ನಳದ ಕಬ್ಬಿಣದ ಪೈಪಿಗೆ ಕಟ್ಟಿದರು. ನನ್ನ ಕಿವಿಯಲ್ಲಿ ಸಣ್ಣದಾಗಿ ಧಾರವಾಡ ಆಕಾಶವಾಣಿ ಕೇಳಿಸಿತು. "ಮಾಮು, ಇದರ ಸೆಲ್ ಎಲ್ಲಿ?" ಎಂದು ಕೇಳಿದೆ. "ಸೆಲ್ ಧಾರವಾಡದಲ್ಲಿದೆ" ಎಂದು ನಕ್ಕರು.

ಅದು ತಮಾಷೆಯ ಮಾತಲ್ಲವೆಂದು ನನಗೆ ಮುಂದೆ ತಿಳಿಯಿತು. 1950ರ ಜನವರಿ 8ರಂದು ಆರಂಭವಾದ ಆ ಕೇಂದ್ರದ ಮಧ್ಯಮ ತರಂಗದ ಪ್ರಸಾರ ನಾವು ಕೇಳುತ್ತಿದ್ದ ದಿನಗಳಲ್ಲಿ 765 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸುಮಾರು 392 ಮೀಟರ್‌ನಲ್ಲಿ ಬರುತ್ತಿತ್ತು. ಬ್ಯಾಟರಿಯಿಲ್ಲದ ಈ ರೇಡಿಯೋಗೆ ಬೇಕಾದ ಶಕ್ತಿಯೂ ಆ ತರಂಗದಿಂದಲೇ ಸಿಗುತ್ತದೆ. ಧಾರವಾಡದಲ್ಲಿ ಖರ್ಚಾದ ವಿದ್ಯುತ್ತಿನ ಒಂದು ಕಣ ಹುಬ್ಬಳ್ಳಿಯ ನಮ್ಮ ಮಾಳಿಗೆಗೆ ಬಂದು ನನ್ನ ಕಿವಿಯಲ್ಲಿ ಮಾತಾಗಿತ್ತು. ಅದಕ್ಕೆ ಮಾಮು ಅಂದು ಒಂದು ಪೈಸೆಯನ್ನೂ ಖರ್ಚು ಮಾಡಿರಲಿಲ್ಲ.

ಬಂಧುಗಳೇ, ಈಗ ಕಾಲ ಬದಲಾಗಿದೆ. ಅಂಗಡಿಗಳಲ್ಲಿ ಮಕ್ಕಳಿಗಾಗಿ ಸಾವಿರಾರು ರೂಪಾಯಿಯ ರೋಬೋಟ್ ಕಿಟ್‌ಗಳು ಬಂದಿವೆ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ ನೀಡಲಾಗಿದೆ. ಒಳ್ಳೆಯ ಯೋಜನೆ, ನಮ್ಮ ಶಾಲೆಗಳೂ ಅರ್ಜಿ ಹಾಕಬೇಕು. ಆದರೆ ಅನುದಾನ ಬರುವವರೆಗೆ ಮಕ್ಕಳು ಕೈಕಟ್ಟಿ ಕೂಡಬೇಕೇ? ಐ.ಐ.ಟಿ. ಕಾನ್ಪುರದಲ್ಲಿ ಓದಿದ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ, ಸೈಕಲ್ ಟ್ಯೂಬಿನ ತುಂಡು, ಹಳೆಯ ಪೆನ್ನಿನ ರೀಫಿಲ್‌ಗಳಿಂದ ವಿಜ್ಞಾನದ ಆಟಿಕೆಗಳನ್ನು ಮಾಡಿ ದೇಶಕ್ಕೆಲ್ಲ ತೋರಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಮ್ಮ ಓಣಿಗಳಲ್ಲಿ ಏನು ಸಿಗುತ್ತದೆ ನೋಡಿ. ಕೆಟ್ಟ ಡಿವಿಡಿ ಪ್ಲೇಯರ್ ಬಿಚ್ಚಿದರೆ ಎರಡು ಮೂರು ಸಣ್ಣ ಮೋಟಾರ್, ಹಲ್ಲಿನ ಗಾಲಿಗಳು ಸಿಗುತ್ತವೆ. ಹಳೆಯ ಪ್ರಿಂಟರಿನಲ್ಲಿ ಲೆಕ್ಕ ಹಾಕಿದಂತೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರ್ ಮತ್ತು ನುಣುಪಾದ ಉಕ್ಕಿನ ಸರಳುಗಳಿವೆ. ಕಂಪ್ಯೂಟರಿನಲ್ಲಿ 12 ವೋಲ್ಟಿನ ಫ್ಯಾನ್, ಟೇಪ್ ರೆಕಾರ್ಡರಿನಲ್ಲಿ ಸ್ಪೀಕರ್ ಮತ್ತು ವಾಲ್ಯೂಮ್ ಕಂಟ್ರೋಲ್, ಕೆಟ್ಟ ಮೊಬೈಲಿನಲ್ಲಿ ನಡುಗಿಸುವ ಪುಟಾಣಿ ಮೋಟಾರ್ ಇವೆ. ಇವೆಲ್ಲ ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಹೋಗುತ್ತವೆ. ಹೊಸದಾಗಿಯೇ ಕೊಳ್ಳುತ್ತೇನೆಂದರೂ ಒಂದು ರೋಧಕ, ಒಂದು ಎಲ್‌ಇಡಿ, ಬಿಸಿ 547 ಎಂಬ ಟ್ರಾನ್ಸಿಸ್ಟರ್ ಕೆಲವೇ ರೂಪಾಯಿಗೆ ಸಿಗುತ್ತವೆ. ಬೆಂಗಳೂರಿಗೆ ಹೋದವರು ಎಸ್.ಪಿ. ರಸ್ತೆಯನ್ನು ಒಮ್ಮೆ ನೋಡಿ ಬನ್ನಿ.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಪಾಠದ ವೇಳೆ ಮೇಜಿನ ಕೆಳಗೆ ಏನನ್ನೋ ತಿರುಗಿಸುತ್ತಿದ್ದ. ಕಸಿದು ನೋಡಿದರೆ ಒಂದು ಸಣ್ಣ ಮೋಟಾರ್. "ಎಲ್ಲಿಂದ ಕದ್ದೆ?" ಎಂದು ಎಲ್ಲರೆದುರು ಕೇಳಿಬಿಟ್ಟೆ. ಅವನು ತಲೆ ತಗ್ಗಿಸಿ, "ಇಲ್ಲ ಸರ್, ನಮ್ಮ ಅಬ್ಬಾಂದು ಗುಜರಿ ಅಂಗಡಿ" ಎಂದ. ತರಗತಿ ಗೊಳ್ಳೆಂದು ನಕ್ಕಿತು. ದಾಖಲಾತಿ ಫಾರಂ ತೆಗೆದು ನೋಡಿದೆ. ತಂದೆಯ ಉದ್ಯೋಗದ ಮುಂದೆ ಬರೀ "ವ್ಯಾಪಾರ" ಎಂದಿತ್ತು. ಮುಚ್ಚಿಟ್ಟಿದ್ದನ್ನು ನಾನು ನಲವತ್ತು ಮಕ್ಕಳ ಮುಂದೆ ತೆರೆದಿಟ್ಟಿದ್ದೆ. ಮರುದಿನ ಅವನು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

ನಾಲ್ಕನೆಯ ದಿನ ಮೋಟಾರನ್ನು ಜೇಬಿನಲ್ಲಿಟ್ಟುಕೊಂಡು ಅವನ ಮನೆಗೆ ಹೋದೆ. ಹುಡುಗ ಅಂಗಡಿಯ ಹಿಂದೆ ತಂತಿಯ ರಾಶಿಗೆ ಬೆಂಕಿ ಹಚ್ಚಿ, ತಾಮ್ರ ಬಿಡಿಸಲು ಹೊಗೆಯಲ್ಲಿ ನಿಂತಿದ್ದ. ನಾನು ಮೋಟಾರ್ ಕೊಟ್ಟು, "ತಪ್ಪು ನನ್ನದು ಬೇಟಾ" ಎಂದೆ. ಅವನ ತಂದೆ ಚಹಾ ತರಿಸಿದರು. ಚಹಾ ಕುಡಿಯುವಾಗ ಆ ಹುಡುಗನ ವಿದ್ಯೆ ಕಂಡೆ. ಕೈಯಲ್ಲಿ ತೂಗಿ ಇದು ಹಿತ್ತಾಳೆ, ಇದು ಅಲ್ಯುಮಿನಿಯಂ ಎನ್ನುತ್ತಿದ್ದ. ಅಯಸ್ಕಾಂತ ಹಚ್ಚಿ ಕಬ್ಬಿಣದ ಮೇಲಿನ ತಾಮ್ರದ ಲೇಪ ಹಿಡಿಯುತ್ತಿದ್ದ. ಆದರೆ ಸರ್ಕ್ಯೂಟ್ ಬೋರ್ಡು ಅವನಿಗೆ ಬರೀ "ಹಸಿರು ಪ್ಲೇಟು". ಅದರ ಮೇಲಿನ ಯಾವ ವಸ್ತುವಿನ ಹೆಸರೂ ಗೊತ್ತಿರಲಿಲ್ಲ.

ನಾನು ಹೇಳಬೇಕೆಂದಿದ್ದ ಮಾತು ಇದೇ. ಹೆಸರು ಗೊತ್ತಿಲ್ಲದಿದ್ದರೆ ಅದು ಕಸ. ಹೆಸರು ಮತ್ತು ಅಳತೆ ಗೊತ್ತಾದರೆ ಅದು ಸಾಮಾನು. ಸುಮ್ಮನೆ ಡಬ್ಬಿ ತುಂಬಿಸಿಟ್ಟರೆ ಅದು ಸಂಗ್ರಹವಲ್ಲ, ಇನ್ನೊಂದು ಗುಜರಿ ಅಷ್ಟೇ. ಕ್ರಿ.ಶ. 1206ರಲ್ಲಿ ಅಲ್ ಜಝರಿ ಎಂಬ ಕುಶಲಕರ್ಮಿ ಯಂತ್ರಗಳ ಬಗ್ಗೆ ಅರಬಿಯಲ್ಲಿ ಒಂದು ಗ್ರಂಥ ಮುಗಿಸಿದ. ಭಾಗಗಳು, ಅಳತೆ, ಜೋಡಿಸುವ ಕ್ರಮ ಎಲ್ಲವನ್ನೂ ಚಿತ್ರಸಹಿತ ಬರೆದಿಟ್ಟಿದ್ದರಿಂದ ನಮ್ಮ ಕಾಲದವರೂ ಅವನ ಗಡಿಯಾರಗಳನ್ನು ಮತ್ತೆ ಕಟ್ಟಿ ನೋಡಿದ್ದಾರೆ. ಅವನ ಕೈಚಳಕ ಉಳಿದದ್ದು ಬರವಣಿಗೆಯಿಂದ.

ಹಾಗಾಗಿ ನಮ್ಮ ತರಗತಿಯಲ್ಲಿ ಖಾಲಿ ಬೆಂಕಿಪೊಟ್ಟಣಗಳನ್ನು ಅಂಟಿಸಿ ಕಪಾಟು ಮಾಡಿದೆವು. ಪ್ರತಿ ಪೊಟ್ಟಣದ ಮೇಲೆ ಮೂರು ಭಾಷೆಯಲ್ಲಿ ಹೆಸರು. ಇಂಗ್ಲಿಷಿನ ರೆಸಿಸ್ಟರ್ ಕನ್ನಡದಲ್ಲಿ ರೋಧಕ. ಉರ್ದುವಿನ ಮುಜಾಹಮತ್ ಎಂದರೆ ತಡೆಯೊಡ್ಡುವುದು. ಹೆಸರಿನಲ್ಲೇ ಅದರ ಕೆಲಸವಿದೆ. ಕೆಪಾಸಿಟರ್ ಕನ್ನಡದಲ್ಲಿ ಧಾರಕ, ನಮ್ಮ ಬಜಾರಿನಲ್ಲಿ ಕಂಡೆನ್ಸರ್. ನನ್ನ ಭಾಷಾ ಪಾಠ ಹೀಗೆ ವಿಜ್ಞಾನದ ಕಪಾಟಿನಲ್ಲಿ ಕೂತಿತು.

ಎರಡು ಮೂರು ನೂರು ರೂಪಾಯಿಯ ಒಂದು ಸಾದಾ ಮಲ್ಟಿಮೀಟರ್ ತಂದೆವು. ನಿಯಮ ಒಂದೇ: ಅಳೆಯದೆ ಯಾವುದನ್ನೂ ಪೊಟ್ಟಣಕ್ಕೆ ಹಾಕಬಾರದು. ಮೊದಲ ಪ್ರಯೋಗ ಬಹಳ ಸರಳ. ಹಳೆಯ ಮೊಬೈಲ್ ಚಾರ್ಜರ್ 5 ವೋಲ್ಟ್ ಕೊಡುತ್ತದೆ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಉಳಿದ 3 ವೋಲ್ಟನ್ನು ರೋಧಕ ತಡೆಯಬೇಕು. ಕೆಂಪು, ಕೆಂಪು, ಕಂದು ಪಟ್ಟೆಯಿದ್ದರೆ ಅದು 220 ಓಮ್. 3ನ್ನು 220ರಿಂದ ಭಾಗಿಸಿದರೆ ಸುಮಾರು 14 ಮಿಲಿಆಂಪಿಯರ್. ಎಲ್‌ಇಡಿ ಸುಡದೆ ಚೆನ್ನಾಗಿ ಉರಿಯುತ್ತದೆ. ಪುಸ್ತಕದ ಓಮ್‌ನ ನಿಯಮ ಕಣ್ಣೆದುರು ಬೆಳಗುತ್ತದೆ.

ಮಕ್ಕಳೇ, ಈಗ ಹೇಳುವುದನ್ನು ಗಮನವಿಟ್ಟು ಕೇಳಿ. ಮನೆಯ 230 ವೋಲ್ಟಿನ ಲೈನಿಗೆ ಸೇರಿದ ಯಾವುದನ್ನೂ ದೊಡ್ಡವರಿಲ್ಲದೆ ಬಿಚ್ಚಬೇಡಿ. ಚಾರ್ಜರಿನ ಹೊರಗಿನ ತಂತಿಯಲ್ಲಿ 5 ವೋಲ್ಟ್ ಇದ್ದರೂ ಅದರ ಹೊಟ್ಟೆಯಲ್ಲಿ, ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ ಇದ್ದಂತೆಯೇ, ಸುಮಾರು 325 ವೋಲ್ಟಿನ ಕಂಡೆನ್ಸರ್ ಇರುತ್ತದೆ. ಪ್ಲಗ್ ತೆಗೆದ ಮೇಲೂ ಅದು ಹೊಡೆಯಬಹುದು. ಹಳೆಯ ಟಿವಿಯ ದೊಡ್ಡ ಗಾಜಿನ ಟ್ಯೂಬ್ ಮತ್ತು ಮೈಕ್ರೋವೇವ್ ಒಲೆಯನ್ನು ಮುಟ್ಟಲೇಬೇಡಿ. ಸಿ.ಎಫ್.ಎಲ್. ಬಲ್ಬಿನ ಗಾಜು ಒಡೆದರೆ ಪಾದರಸ ಹೊರಬರುತ್ತದೆ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಿದರೆ ಬೆಂಕಿ ಹತ್ತುತ್ತದೆ. ಸಾಮಾನ್ಯ ಸೋಲ್ಡರ್ ತಂತಿಯಲ್ಲಿ 60 ಭಾಗ ತವರ, 40 ಭಾಗ ಸೀಸ ಇರುವುದರಿಂದ ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ಏನನ್ನೂ ತಿನ್ನಬೇಡಿ.

ಮತ್ತು ತಂತಿ ಸುಡಬೇಡಿ. ತಂತಿಯ ಮೇಲಿನ ಪಿ.ವಿ.ಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್‌ನಂತಹ ವಿಷಗಳು ಹೊಗೆಯಲ್ಲಿ ಸೇರುತ್ತವೆ. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತು. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದ ಲೆಕ್ಕ ಸಿಗುವುದು ಶೇ. 22.3ಕ್ಕೆ ಮಾತ್ರ. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮಗಳು ಜಾರಿಗೆ ಬಂದಿವೆ. ನಾವು ಭಾಗ ತೆಗೆದುಕೊಂಡ ಮೇಲೆ ಉಳಿದದ್ದನ್ನು ತಿಪ್ಪೆಗೆ ಎಸೆಯದೆ, ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು.

ಆ ಹುಡುಗನ ಕಥೆ ಏನಾಯಿತೆಂದು ನೀವು ಕೇಳಬಹುದು. ಅವನು ಶಾಲೆಗೆ ಮರಳಿದ. ಬೆಂಕಿಪೊಟ್ಟಣದ ಕಪಾಟಿಗೆ ಅರ್ಧ ಸಾಮಾನು ತಂದವನು ಅವನೇ. ಬಿಚ್ಚುವ ಕೆಲಸದಲ್ಲಿ ಉಳಿದವರಿಗೆ ಅವನೇ ಉಸ್ತಾದ. ಹೊಗೆಯ ವಿಷಯವನ್ನು ಮನೆಯಲ್ಲಿ ಹೇಳಿದ. ಆಮೇಲೆ ಅವನ ತಂದೆ ತಂತಿ ಸುಡುವುದನ್ನು ಬಿಟ್ಟು ಬ್ಲೇಡಿನಿಂದ ಸುಲಿಯತೊಡಗಿದರು. ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ಸುಡದ ತಾಮ್ರಕ್ಕೆ ಬೆಲೆ ಚೆನ್ನಾಗಿ ಸಿಗುತ್ತದೆ ಎಂದು ಅವರೇ ನನಗೆ ಹೇಳಿದರು. ಹುಡುಗ ಎಸ್.ಎಸ್.ಎಲ್.ಸಿ. ಪಾಸಾದ. ಆ ಪರೀಕ್ಷೆಯ ಅರ್ಜಿ ತುಂಬುವಾಗ ತಂದೆಯ ಉದ್ಯೋಗದ ಮುಂದೆ ತಾನೇ ಬರೆದ: "ಗುಜರಿ ವ್ಯಾಪಾರ."

ಪಾಲಕರಲ್ಲಿ ನನ್ನ ವಿನಂತಿ ಸಣ್ಣದು. ಮನೆಯಲ್ಲಿ ಮಗುವಿಗೆ ಒಂದು ಮೂಲೆ, ಒಂದು ಡಬ್ಬಿ ಕೊಡಿ. ಸೆಲ್ಲಿನ ಮೇಲೆ ನಡೆಯುವ ಆಟಿಕೆ ಬಿಚ್ಚಿದರೆ ಬೈಯುವ ಮೊದಲು "ಒಳಗೆ ಏನಿತ್ತು?" ಎಂದು ಕೇಳಿ. ಹೆಣ್ಣುಮಕ್ಕಳ ಕೈಗೂ ಸ್ಕ್ರೂಡ್ರೈವರ್ ಕೊಡಿ. ಗುಜರಿ ಅಂಗಡಿಯ ಸಹೋದರರು ಶಾಲೆಗಾಗಿ ಒಂದು ಬುಟ್ಟಿ ಬೇರೆ ಇಡಲಿ. ಆಡಳಿತ ಮಂಡಳಿಯವರು ಒಂದು ಮೇಜು, ಎರಡು ಮಲ್ಟಿಮೀಟರ್, ಒಂದು ಸೋಲ್ಡರಿಂಗ್ ಐರನ್ ಕೊಟ್ಟರೆ ಸಾಕು. ಉಳಿದದ್ದನ್ನು ಮಕ್ಕಳು ತಾವೇ ತರುತ್ತಾರೆ, ಹೆಸರನ್ನು ನಾವು ಕಲಿಸೋಣ.