ಗಡಿಗೆಯ ಕಿಣ್ವ, ಹೊಟ್ಟೆಯ ಕಿಣ್ವ

ಔಷಧಿ ಅಂಗಡಿಗಳಲ್ಲಿ ಈಗ ಕಿಣ್ವದ ಪುಡಿ, ಕಿಣ್ವದ ಗುಳಿಗೆ, ಕಿಣ್ವದ ಬಾಟಲಿ ಎಲ್ಲವೂ ಸಿಗುತ್ತವೆ. ಜೊತೆಗೆ ಒಂದು ಉಪದೇಶ ಪುಕ್ಕಟೆ: ಬೆಂಕಿ ತಾಗಿದರೆ ಆಹಾರದ ಕಿಣ್ವಗಳು ಸಾಯುತ್ತವೆ, ಬೇಯಿಸಿದ್ದೆಲ್ಲ ನಿರ್ಜೀವ, ಹಸಿಯದನ್ನೇ ತಿನ್ನಿ. ಈ ಮಾತನ್ನು ನಂಬಿದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಹಂಚಿನಿಂದ ಇಳಿಯುವ ಬಿಳಿಜೋಳದ ರೊಟ್ಟಿಗೆಲ್ಲ ಬೆಲೆಯೇ ಇಲ್ಲದಂತಾಗುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ಕಿಣ್ವಗಳು ನಮ್ಮ ಪರವಾಗಿ ದುಡಿಯುವುದು ಎರಡು ಕಡೆ: ಉಣ್ಣುವ ಮೊದಲು ಗಡಿಗೆಯಲ್ಲಿ, ಉಂಡ ಮೇಲೆ ನಮ್ಮದೇ ಮೈಯಲ್ಲಿ. ಮೈಯ ಕಿಣ್ವವನ್ನು ಮೈಯೇ ತಯಾರಿಸಿಕೊಳ್ಳುತ್ತದೆ. ಊಟದಿಂದ ಅದಕ್ಕೆ ಬೇಕಾದದ್ದು ಕಚ್ಚಾವಸ್ತು ಮತ್ತು ಸಹಾಯಕರು. ಆ ಸಹಾಯಕರನ್ನು ಕಂಡುಹಿಡಿದ ಕಥೆಯಲ್ಲಿ ನಮ್ಮ ಜೋಳಕ್ಕೂ ಒಂದು ಪಾತ್ರವಿದೆ.

ಆ ಕಥೆಯ ಮೊದಲ ಘಟ್ಟಗಳನ್ನು ಬೇಗ ದಾಟೋಣ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪರ್ಸೋ ಮೊಳಕೆ ಬಾರ್ಲಿಯಿಂದ ಪಿಷ್ಟ ಕರಗಿಸುವ ಪದಾರ್ಥವನ್ನು ಬೇರ್ಪಡಿಸಿದರು. ಮೂರು ವರ್ಷಗಳ ನಂತರ ಜರ್ಮನಿಯ ಶ್ವಾನ್ ಜಠರದಲ್ಲಿ ಪ್ರೋಟೀನು ಅರಗಿಸುವ ಪೆಪ್ಸಿನ್ ಎಂಬ ಕಿಣ್ವವನ್ನು ಕಂಡರು. 1897ರಲ್ಲಿ ಬುಖ್ನರ್ ಯೀಸ್ಟನ್ನು ಅರೆದು ರಸ ಹಿಂಡಿ, ಜೀವಕೋಶವೇ ಇಲ್ಲದಿದ್ದರೂ ಆ ರಸ ಸಕ್ಕರೆಯನ್ನು ಹುದುಗಿಸುತ್ತದೆ ಎಂದು ತೋರಿಸಿದರು. 1926ರಲ್ಲಿ ಸಮ್ನರ್ ಒಂದು ಕಿಣ್ವವನ್ನು ಹರಳುಗಟ್ಟಿಸಿ, ಅದು ಪ್ರೋಟೀನು ಎಂದು ಸಾರಿದಾಗ ದೊಡ್ಡ ದೊಡ್ಡವರೇ ನಂಬಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ಸಮ್ನರರಿಗೆ ನೊಬೆಲ್ ಬಂತು. ಹಸಿ ಆಹಾರದ ಉಪದೇಶಕರಿಗೆ ಮೊದಲ ಉತ್ತರ ಇಲ್ಲಿಯೇ ಇದೆ. ಕಿಣ್ವ ಪ್ರೋಟೀನಾದರೆ, ಹಸಿ ಸೌತೆಕಾಯಿಯ ಕಿಣ್ವಕ್ಕೂ ತೊಗರಿಬೇಳೆಯ ಪ್ರೋಟೀನಿಗೂ ನಮ್ಮ ಹೊಟ್ಟೆ ಭೇದ ಎಣಿಸುವುದಿಲ್ಲ. ಜಠರದ ಆಮ್ಲ ಅದರ ಆಕಾರ ಕೆಡಿಸುತ್ತದೆ, ಪೆಪ್ಸಿನ್ ಅದನ್ನು ತುಂಡರಿಸುತ್ತದೆ. ಸೌತೆಕಾಯಿ ತನ್ನ ಕಿಣ್ವಗಳನ್ನು ಮಾಡಿಕೊಂಡದ್ದು ತನ್ನ ಬಾಳುವೆಗೆ, ನಮ್ಮ ಜೀರ್ಣಕ್ಕಲ್ಲ.

ನನಗೆ ಇಡೀ ಇತಿಹಾಸದಲ್ಲಿ ಅತಿ ಪ್ರಿಯವಾದ ಪ್ರಯೋಗ 1906ರದು. ಲಂಡನ್ನಿನಲ್ಲಿ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಬುಖ್ನರ್ ಮಾದರಿಯ ಯೀಸ್ಟ್ ರಸವನ್ನು ಬಹಳ ಸೂಕ್ಷ್ಮವಾದ ಸೋಸುಕದಲ್ಲಿ ಸೋಸಿದರು. ದೊಡ್ಡ ಕಣಗಳು ಮೇಲೆ ಉಳಿದವು, ಸಣ್ಣವು ಕೆಳಗಿಳಿದವು. ಎರಡು ಪಾಲಿನಲ್ಲಿ ಯಾವುದೂ ಒಂಟಿಯಾಗಿ ಸಕ್ಕರೆಯನ್ನು ಹುದುಗಿಸಲಿಲ್ಲ. ಬೆರೆಸಿದ ಕೂಡಲೇ ಹುದುಗು ಎದ್ದಿತು. ಮೇಲಿನ ಪಾಲನ್ನು ಕುದಿಸಿದರೆ ಆಟ ಮುಗಿಯಿತು, ಏಕೆಂದರೆ ಕಿಣ್ವವಿದ್ದದ್ದು ಅದರಲ್ಲಿ. ಕೆಳಗಿಳಿದ ಪಾಲನ್ನು ಎಷ್ಟು ಕುದಿಸಿದರೂ ಅದರ ಕಸುವು ಹೋಗಲಿಲ್ಲ! ಕಿಣ್ವಕ್ಕೊಬ್ಬ ಸಹಾಯಕನಿದ್ದಾನೆ, ಅವನು ಬೆಂಕಿಗೆ ಅಂಜುವವನಲ್ಲ ಎಂಬುದು ಹೀಗೆ ಹೊರಬಿತ್ತು. ಹಾರ್ಡನ್ನರಿಗೆ 1929ರ ನೊಬೆಲ್ ಪಾಲು ಸಿಕ್ಕಿತು. ಆ ಸಹಾಯಕನ ಒಂದು ಭಾಗ ನಿಕೋಟಿನಮೈಡ್ ಎಂದು 1930ರ ದಶಕದಲ್ಲಿ ತಿಳಿಯಿತು. 1937ರಲ್ಲಿ ಅಮೆರಿಕದ ಎಲ್ವೆಹೆಮ್, ನಾಯಿಗಳ ಕಪ್ಪು ನಾಲಿಗೆ ರೋಗ ಅದೇ ಪದಾರ್ಥದಿಂದ ವಾಸಿಯಾಗುವುದನ್ನು ತೋರಿಸಿದರು. ನಿಯಾಸಿನ್ ಎಂಬ ಜೀವಸತ್ವ ಇದೇ. ಮೈಯಲ್ಲಿ ನೂರಾರು ಕಿಣ್ವಗಳು ಇದರ ಆಸರೆಯಲ್ಲಿ ನಡೆಯುತ್ತವೆ.

ಇನ್ನು ನಮ್ಮ ಸೀಮೆಯ ಕಡೆಗೆ ಬರೋಣ. ನಿಯಾಸಿನ್ ಸಾಲದೆ ಬರುವ ರೋಗ ಪೆಲಾಗ್ರ. ಬಿಸಿಲು ಬೀಳುವ ಕೈ, ಕಾಲು, ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ಹತ್ತುತ್ತದೆ, ಕೊನೆಗೆ ಮನಸ್ಸು ಕದಡುತ್ತದೆ. ಜಗತ್ತಿಗೆ ಇದು ಮೆಕ್ಕೆಜೋಳ ಉಣ್ಣುವ ಬಡವರ ರೋಗವೆಂದು ಗೊತ್ತಿತ್ತು. ಆದರೆ ದಖನ್ ಪ್ರಸ್ಥಭೂಮಿಯಲ್ಲಿ ಬಿಳಿಜೋಳ ಉಣ್ಣುವವರಲ್ಲಿಯೂ ಅದು ಕಾಣಿಸುತ್ತಿತ್ತು. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಕಡಿಮೆ. ಮೈ ಅದನ್ನೇ ತುಸು ತುಸು ನಿಯಾಸಿನ್ ಮಾಡಿಕೊಳ್ಳುತ್ತದೆ, ಸುಮಾರು 60 ಮಿಲಿಗ್ರಾಂಗೆ ಒಂದು ಮಿಲಿಗ್ರಾಂ. ಬಿಳಿಜೋಳಕ್ಕೆ ಆ ಕೊರತೆ ಅಷ್ಟಿಲ್ಲ. ಮತ್ತೆ ರೋಗವೇಕೆ? ಹೈದರಾಬಾದಿನ ಪೋಷಣಾ ಸಂಶೋಧನಾಲಯದಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಹಿಡಿದ ಪ್ರಶ್ನೆ ಇದು. ಎರಡೂ ಧಾನ್ಯಗಳಿಗೆ ಸಮಾನವಾದ ಒಂದು ಗುಣ ಅವರ ಕಣ್ಣಿಗೆ ಬಿತ್ತು: ಲ್ಯೂಸಿನ್ ಎಂಬ ಅಮೈನೋ ಆಮ್ಲ ಅತಿಯಾಗಿರುವುದು. ಟ್ರಿಪ್ಟೊಫ್ಯಾನಿನಿಂದ ನಿಯಾಸಿನ್‌ವರೆಗಿನ ದಾರಿಯಲ್ಲಿ ಸಾಲಾಗಿ ಕಿಣ್ವಗಳಿವೆ. ಅತಿಯಾದ ಲ್ಯೂಸಿನ್ ಆ ದಾರಿಯನ್ನು ಕೆಡಿಸುತ್ತದೆ ಎಂಬ ವಾದವನ್ನು ಅವರು 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮುಂದಿಟ್ಟರು. ಮುಂದೆ ಲ್ಯೂಸಿನ್ ತಿನ್ನಿಸಿದ ನಾಯಿಗಳಿಗೆ ಕಪ್ಪು ನಾಲಿಗೆ ಬಂದದ್ದನ್ನೂ ಅದೇ ಸಂಸ್ಥೆ ವರದಿ ಮಾಡಿತು. ಹೊರದೇಶದ ಕೆಲವು ಪ್ರಯೋಗಗಳಲ್ಲಿ ಈ ಫಲಿತಾಂಶ ಮರುಕಳಿಸಲಿಲ್ಲ, ವಾದ ಬಹಳ ಕಾಲ ನಡೆಯಿತು. ಲ್ಯೂಸಿನ್ನಿನ ಪಾಲು ಎಷ್ಟೇ ಇರಲಿ, ರೋಗ ಹಿಡಿದದ್ದು ಒಂದೇ ಧಾನ್ಯದ ಮೇಲೆ ಬದುಕಿದ ಬಡವರನ್ನು ಎಂಬುದರಲ್ಲಿ ತಕರಾರಿಲ್ಲ. ಗೋಪಾಲನ್ 2019ರಲ್ಲಿ ತೀರಿಕೊಂಡರು. ಜೋಳದ ನಾಡಿನಲ್ಲಿ ಅವರ ಹೆಸರು ಮನೆಮಾತಾಗಬೇಕಿತ್ತು. ಆಗಲಿಲ್ಲವಲ್ಲ ಎಂಬ ಕೊರಗು ನನಗಿದೆ.

ಹಾಗಾದರೆ ಜೋಳವೇ ಅಪರಾಧಿಯೇ? ಅಲ್ಲ. ರೊಟ್ಟಿಯ ಜೊತೆಗಾರರು ತಟ್ಟೆಯಿಂದ ಕಾಣೆಯಾದದ್ದು ಅಪರಾಧ. ಶೇಂಗಾ ಹಿಂಡಿಯಲ್ಲಿ ನಿಯಾಸಿನ್ ಧಾರಾಳ. ಬೇಳೆಯಲ್ಲಿ, ಮೊಸರಿನಲ್ಲಿ ಟ್ರಿಪ್ಟೊಫ್ಯಾನ್ ಇದೆ. ಶೇಂಗಾ ಹುರಿದರೂ ನಿಯಾಸಿನ್ ಉಳಿಯುತ್ತದೆ, ಹಾರ್ಡನ್ನರ ಕುದಿಸಿದ ರಸದಲ್ಲಿ ಉಳಿದ ಹಾಗೆಯೇ. ಹಸಿಯ ಪಕ್ಷದವರಿಗೆ ಒಂದನ್ನು ಬಿಟ್ಟುಕೊಡುತ್ತೇನೆ. 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ನಮ್ಮ ಇಂಡಿ ಲಿಂಬೆಯಲ್ಲಿರುವ ಸಿ ಜೀವಸತ್ವ ಕೊಲಾಜೆನ್ ಎಂಬ ಪ್ರೋಟೀನು ಕಟ್ಟುವ ಕಿಣ್ವಗಳಿಗೆ ಸಹಾಯಕ, ಕಾಳು ಸೊಪ್ಪುಗಳ ಕಬ್ಬಿಣವನ್ನೂ ಮೈಗೆ ಹತ್ತಿಸುತ್ತದೆ. ಅದು ಬಿಸಿಗೆ ಹಾಳಾಗುವಂಥದು. ಆದ್ದರಿಂದ ಪಲ್ಯ ಇಳಿಸಿದ ಮೇಲೆ ಲಿಂಬೆ ಹಿಂಡಿ.

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ. ಬೆಂದಾಗ ಜೋಳದ ಪ್ರೋಟೀನು ಒಳಗೊಳಗೇ ಬಿಗಿದುಕೊಂಡು ಪೆಪ್ಸಿನ್ನಿಗೆ ಸುಲಭವಾಗಿ ಬಗ್ಗುವುದಿಲ್ಲ. ಪೆರು ದೇಶದ ಮಕ್ಕಳಿಗೆ ಜೋಳದ ಗಂಜಿ ಉಣಿಸಿ ಅಳೆದಾಗ ಅರ್ಧದಷ್ಟೂ ಪ್ರೋಟೀನು ದಕ್ಕಿರಲಿಲ್ಲ ಎಂದು 1981ರಲ್ಲಿ ವರದಿಯಾಯಿತು. ಅಂದರೆ ಬೇಯಿಸುವುದರಲ್ಲಿ ನಷ್ಟವೂ ಉಂಟು, ನಿಜ. ಪರಿಹಾರ ಹಸಿ ಜೋಳ ತಿನ್ನುವುದರಲ್ಲಿಲ್ಲ, ಗಡಿಗೆಯಲ್ಲಿದೆ. ಹಿಟ್ಟನ್ನು ಹುಳಿಯಿಟ್ಟು ಬೇಯಿಸುವ ಸುಡಾನಿನ ಪದ್ಧತಿಯಲ್ಲಿ ಪ್ರೋಟೀನು ಹೆಚ್ಚು ದಕ್ಕುತ್ತದೆ ಎಂದು ಅದೇ ಕಾಲದ ಅಧ್ಯಯನ ತೋರಿಸಿತು. ಅದೇ ಜಾತಿಗೆ ಸೇರಿದ್ದು ನಮ್ಮ ಹುಳಿ ಅಂಬಲಿ. ಮಡಿಕೆ ಕಾಳು, ಹೆಸರು ಮೊಳೆತಾಗ ಕಾಳಿನದೇ ಕಿಣ್ವ, ಕಬ್ಬಿಣ, ಸತುವುಗಳನ್ನು ಹಿಡಿದಿಟ್ಟ ಫೈಟೇಟನ್ನು ಒಡೆದು ಅವನ್ನು ಬಿಡಿಸಿಕೊಡುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ 1982ರಲ್ಲಿ ಮೊಳಕೆ ರಾಗಿ, ಹೆಸರಿನ ಶಿಶು ಆಹಾರವನ್ನು ರೂಪಿಸಿದ್ದು ಇದೇ ತತ್ವದ ಮೇಲೆ: ಪಿಷ್ಟ ಕರಗಿಸುವ ಮೊಳಕೆಯ ಕಿಣ್ವ ಅಮೈಲೇಸ್ ಗಂಜಿಯನ್ನು ತೆಳುವಾಗಿಸುತ್ತದೆ, ಮಗುವಿನ ಸಣ್ಣ ಹೊಟ್ಟೆಗೆ ಹೆಚ್ಚು ಧಾನ್ಯ ಸೇರುತ್ತದೆ. ಇದನ್ನು ಕೇಳಿ ಜೋಳದ ಮೊಳಕೆಯನ್ನು ಹಸಿಯಾಗಿ ತಿನ್ನಲು ಯಾರೂ ಹೋಗಬೇಡಿ. ಎಳೆ ಜೋಳ ಮೇಯ್ದು ದನ ಸಾಯುವುದು ರೈತರಿಗೆ ಗೊತ್ತಿದ್ದದ್ದೇ. ಅಲ್ಲಿ ವಿಷ ಬಿಡಿಸುವುದೂ ಒಂದು ಕಿಣ್ವ. ಎಲೆ ಅಗಿದ ಕೂಡಲೇ ಅದು ಧುರಿನ್ ಎಂಬ ಪದಾರ್ಥವನ್ನು ಒಡೆದು ಸಯನೈಡ್ ಹೊರಡಿಸುತ್ತದೆ. ಹಸಿಯ ಕಿಣ್ವವೆಲ್ಲ ಅಮೃತ ಎನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಹೊಟ್ಟೆಯೊಳಗೂ ದುಡಿಯುವ ಹೊರಗಿನ ಕಿಣ್ವ ಒಂದೂ ಇಲ್ಲವೇ ಎಂದರೆ, ಇದೆ. ಹಾಲು ಒಗ್ಗದ ದೊಡ್ಡವರಿಗೆ ಮೊಸರು ಒಗ್ಗುವುದು ಮೊಸರಿನ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸನ್ನು ತಮ್ಮ ಕೋಶದೊಳಗೆ ಕಾಪಾಡಿಕೊಂಡು ಕರುಳಿನವರೆಗೆ ಒಯ್ಯುವುದರಿಂದ. ಮೇದೋಜೀರಕ ಗ್ರಂಥಿ ಕೆಟ್ಟವರಿಗೆ ಆಮ್ಲ ತಾಗದಂತೆ ಹೊದಿಕೆ ಹಾಕಿದ ಕಿಣ್ವದ ಗುಳಿಗೆ ನಿಜವಾದ ಔಷಧ. ವೈದ್ಯರು ಬರೆದುಕೊಟ್ಟ ಅಂಥ ಗುಳಿಗೆಯನ್ನು ಈ ಭಾಷಣ ಕೇಳಿ ನಿಲ್ಲಿಸಬೇಡಿ. ಯಾರೂ ಬರೆದುಕೊಡದೆ ತಾವಾಗಿಯೇ ಡಬ್ಬಿ ಕೊಳ್ಳಲು ಹೊರಟವರು ಮಾತ್ರ ಆ ದುಡ್ಡಿಗೆ ಶೇಂಗಾ, ಹೆಸರು, ಮೊಸರು, ನಾಲ್ಕು ಲಿಂಬೆ ತನ್ನಿ.