ಹೆಡ್ಡು ಕೂರಿಸಿದ ಮೇಲೂ ನೀರು ಸೋರಿದರೆ

ಡೀಸೆಲ್ ಎಂಜಿನಿನ ಸಿಲಿಂಡರ್ ಹೆಡ್ಡನ್ನು ಬಿಚ್ಚಿ, ಹೊಸ ಗ್ಯಾಸ್ಕೆಟ್ಟಿಟ್ಟು ಮರಳಿ ಬಿಗಿದ ಮೇಲೆಯೂ ನೀರು ಸೋರುವುದುಂಟು. ಒಡನೆಯೇ ಗ್ಯಾಸ್ಕೆಟ್ಟನ್ನು ದೂರಿ ಇನ್ನೊಂದನ್ನು ತರಿಸುವುದು ವಾಡಿಕೆಯಾಗಿದೆ. ಬಿಚ್ಚುವುದಕ್ಕೆ ಮೊದಲು ಸೋರುವ ಸ್ಥಳವನ್ನು ನಿಶ್ಚಯಿಸಿಕೊಳ್ಳಬೇಕೆಂಬುದೇ ಈ ಹೊತ್ತು ನಮ್ಮ ಅರಿಕೆ.

ಸೋರಿಕೆಯೇ ಹೌದೇ ಎಂಬುದನ್ನು ಮೊದಲು ನೋಡತಕ್ಕದ್ದು. ಹೊಸದಾಗಿ ನೀರು ತುಂಬಿದಾಗ ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಅದು ಹೊರಟುಹೋದಂತೆ ನೀರಿನ ಮಟ್ಟವು ಒಂದೆರಡು ಸಲ ಇಳಿಯುವುದು ಸಹಜ. ಮತ್ತೆ ಮತ್ತೆ ಇಳಿದರೆ ಮಾತ್ರ ಶಂಕಿಸಬೇಕು. ಎಂಜಿನು ಪೂರ್ತಿ ಆರಿದ ಮೇಲೆ (ಬಿಸಿಯಿರುವಾಗ ಮುಚ್ಚಳವನ್ನು ಮುಟ್ಟಲೇಕೂಡದು) ರೇಡಿಯೇಟರಿನ ಬಾಯಿಗೆ ಪರೀಕ್ಷೆಯ ಕೈಪಂಪನ್ನು ಜೋಡಿಸಿ, ಮುಚ್ಚಳದ ಮೇಲೆ ನಮೂದಿಸಿರುವಷ್ಟು ಒತ್ತಡವನ್ನು ಕೊಟ್ಟು ಕಾದರೆ ನೀರು ತಾನೇ ತನ್ನ ದಾರಿಯನ್ನು ತೋರಿಸುತ್ತದೆ. ಎಷ್ಟೋ ವೇಳೆ ತಪ್ಪು ಹೆಡ್ಡಿನದಲ್ಲ. ಅದೇ ಕೆಲಸದಲ್ಲಿ ಬಿಚ್ಚಿ ಹಾಕಿದ ಹೋಸಿನ ಕ್ಲಿಪ್ಪಿನದೋ ಥರ್ಮೊಸ್ಟಾಟಿನ ಮುಚ್ಚಳದ್ದೋ ಆಗಿರುತ್ತದೆ. ತೊಟ್ಟಿಕ್ಕುವ ಎಡೆಯನ್ನು ಮಾತ್ರ ನಂಬಲಾಗದು. ನೀರು ಮೇಲಿನಿಂದ ಹರಿದು ಬಂದಿರಬಹುದು.

ಹೊರಗೆ ಒಂದು ಹನಿಯೂ ಕಾಣದೆ ಒತ್ತಡ ಇಳಿದರೆ ಸಂಗತಿ ಗಂಭೀರವಾದುದು. ನೀರು ಎಣ್ಣೆಯೊಡನೆ ಬೆರೆತರೆ ಎಣ್ಣೆಯು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿ, ಬೇರಿಂಗುಗಳು ಕೆಡುತ್ತವೆ. ಸಿಲಿಂಡರಿಗೆ ಇಳಿದರೆ ಇನ್ನೂ ಅಪಾಯ. ಡೀಸೆಲ್ ಎಂಜಿನು ಗಾಳಿಯನ್ನು ಸಾಮಾನ್ಯವಾಗಿ 16 ರಿಂದ 20 ರಲ್ಲೊಂದು ಪಾಲಿಗೆ ಅದುಮುತ್ತದೆ. ನೀರಾದರೋ ಹಾಗೆ ಅದುಮಿಸಿಕೊಳ್ಳುವ ವಸ್ತುವಲ್ಲ. ಪಿಸ್ಟನ್ನು ಮೇಲೇರಲಾರದೆ ಕನೆಕ್ಟಿಂಗ್ ರಾಡೇ ಬಾಗಬಹುದು. ಆದುದರಿಂದ ಇಂತಹ ಸಂಶಯವಿದ್ದಾಗ ಎಂಜಿನನ್ನು ಚಾಲೂ ಮಾಡದೆ ಹೆಡ್ಡನ್ನು ತೆಗೆಸುವುದೇ ಮೇಲು.

ನಮ್ಮದೊಂದು ಎಂಜಿನು ಎರಡು ಗ್ಯಾಸ್ಕೆಟ್ಟುಗಳನ್ನು ತಿಂದುಹಾಕಿತು. ಮತ್ತೆ ಬಿಚ್ಚಿ ನೋಡಿದಾಗ, ತಳ ಮುಚ್ಚಿದ ಬೋಲ್ಟು ರಂಧ್ರವೊಂದರಲ್ಲಿ ನೀರು ನಿಂತಿತ್ತು! ಬೋಲ್ಟು ಆ ನೀರನ್ನು ಒತ್ತಿ ನಿಂತಿತೇ ಹೊರತು ಹೆಡ್ಡನ್ನು ಅದುಮಲಿಲ್ಲ. ಟಾರ್ಕ್ ರೆಂಚು ಮಾತ್ರ ಬಿಗಿಯಾಯಿತೆಂದು ಸಾಕ್ಷಿ ಹೇಳಿತ್ತು. ಬ್ಲಾಕು ಸೀಳದೆ ಉಳಿದುದು ನಮ್ಮ ಪುಣ್ಯ. ಒಂದು ಚಿಂದಿ ಬಟ್ಟೆಯಿಂದ ರಂಧ್ರವನ್ನು ಒರಸಿದ್ದರೆ ಎರಡು ಗ್ಯಾಸ್ಕೆಟ್ಟುಗಳ ಹಣ ಉಳಿಯುತ್ತಿತ್ತು.

ಇದಕ್ಕೆ ವಿರುದ್ಧವಾಗಿ, ಕೆಲವು ಎಂಜಿನುಗಳಲ್ಲಿ ಬೋಲ್ಟು ರಂಧ್ರಗಳು ನೀರಿನ ಕೋಶಕ್ಕೇ ತೆರೆದಿರುತ್ತವೆ. ಅಲ್ಲಿ ಬೋಲ್ಟಿನ ಮರೆಗೆ ಸೀಲಂಟು ಹಚ್ಚದಿದ್ದರೆ ನೀರು ಮರೆಯನ್ನೇ ಹಿಡಿದು ಮೇಲೇರುತ್ತದೆ. ಹೆಡ್ಡಿನ ಮೈ ಸಮವಾಗಿದೆಯೇ ಎಂಬುದನ್ನು ನೇರಪಟ್ಟಿಯಿಂದಲೂ ಫೀಲರ್ ಗೇಜಿನಿಂದಲೂ ಅಳೆಯಬೇಕು. ಕಣ್ಣಿಗೆ ಕಾಣದ ಡೊಂಕೂ ಸಾಕು. ಬಿಗಿಯುವಾಗ ತಯಾರಕರ ಪುಸ್ತಕದ ಕ್ರಮವನ್ನೇ, ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಅನುಸರಿಸತಕ್ಕದ್ದು. ಬಿಗಿದಾಗ ಹಿಗ್ಗುವಂತೆ ಮಾಡಿದ ಬೋಲ್ಟುಗಳಾದರೆ, ಹಳೆಯವನ್ನು ಎಷ್ಟೇ ಚೆನ್ನಾಗಿ ಕಂಡರೂ ಮರಳಿ ಹಾಕಕೂಡದು.